ಗೋವಾದಲ್ಲಿ ಪಿಎಫ್, ಕಾರವಾರದಲ್ಲಿ ಮನೆ

ಗಂಡ ಸತ್ತು ಎಷ್ಟೋ ವರ್ಷವಾದರೂ ಅವನ ಪಿಎಫ್, ಪಿಂಚಣಿ ಕೇಳದ ಮನೆಗಳು ನಿಮ್ಮ ಕಡೆ ಯಾಕಿವೆ ಅಂತ ಕೇಳಿದ್ದೀರಿ. ದುಡ್ಡು ಬೇಡ ಅಂತಲ್ಲ. ಕೆಲಸ ಒಂದು ರಾಜ್ಯದಲ್ಲಿ, ಮನೆ ಇನ್ನೊಂದರಲ್ಲಿ. ತೊಡಕು ಅಲ್ಲೇ ಇದೆ.

ನಮ್ಮ ಕಾರವಾರದಿಂದ ಮಾಜಾಳಿ ದಾಟಿದರೆ ಗೋವಾ. ಕೈಗಾ ಅಣುಸ್ಥಾವರ, ನೌಕಾನೆಲೆ ನಮ್ಮಲ್ಲೇ ಇವೆ, ನಿಜ. ಆದರೆ ಎಲ್ಲರಿಗೂ ಅಲ್ಲಿ ಕೆಲಸ ಸಿಗಬೇಕಲ್ಲ? ಹಾಗಾಗಿ ನಮ್ಮ ಹುಡುಗರು ಮಡಗಾಂವ್, ವಾಸ್ಕೊ, ವೆರ್ಣಾ ಕಡೆ ಹೋಗುತ್ತಾರೆ. ಮನೆಯವರಿಗೆ ಗೊತ್ತಿರುವುದು "ಗೋವಾದಲ್ಲಿ ಕಂಪನಿ ಕೆಲಸ" ಅನ್ನುವಷ್ಟೇ. ಯಾವ ಕಂಪನಿ, ಪಿಎಫ್ ನಂಬರ್ ಎಷ್ಟು, ಅದು ಸತ್ತವನ ಜೊತೆಗೇ ಹೋಗಿರುತ್ತದೆ. ಅದೃಷ್ಟವಿದ್ದರೆ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಹಳೆ ಸಂಬಳದ ಚೀಟಿ ಸಿಗುತ್ತದೆ, ಮಡಿಕೆಯ ಜಾಗದಲ್ಲಿ ಒಂದೆರಡು ಅಂಕಿ ಅಳಿಸಿಹೋಗಿರುತ್ತವೆ.

ಸಿಗಬೇಕಾದದ್ದು ಪಿಎಫ್ ಗಂಟು ಮಾತ್ರ ಅಲ್ಲ. ಅದಕ್ಕೆ ಫಾರ್ಮ್ 20. 1995ರ ಪಿಂಚಣಿ ಯೋಜನೆಯಲ್ಲಿ ಹೆಂಡತಿಗೆ ತಿಂಗಳ ಪಿಂಚಣಿ, ಇಬ್ಬರು ಮಕ್ಕಳಿಗೆ 25 ವರ್ಷ ಆಗುವವರೆಗೆ ಬೇರೆ. ಅದಕ್ಕೆ ಫಾರ್ಮ್ 10ಡಿ. 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ 1000 ರೂಪಾಯಿ. ಸಣ್ಣ ಮೊತ್ತವೇ, ಆದರೆ ಸಾವಿನ ಮರುದಿನದಿಂದಲೇ ಲೆಕ್ಕ. ನೌಕರಿಯಲ್ಲಿದ್ದಾಗಲೇ ಸತ್ತರೆ ವಿಮೆಯೂ ಉಂಟು, ಗರಿಷ್ಠ 7 ಲಕ್ಷ. ಕಾರ್ಖಾನೆಯೊಳಗೇ ಸಾಯಬೇಕು ಅಂತಿಲ್ಲ, ಮನೆಯಲ್ಲಿ ಮಲಗಿದ್ದಲ್ಲೇ ಹೋದರೂ ಸಿಗುತ್ತದೆ. ಇದು ಜಾಸ್ತಿ ಜನರಿಗೆ ಗೊತ್ತೇ ಇಲ್ಲ.

ಜಗಳ ಬರುವುದು ನಾಮಿನಿ ವಿಷಯಕ್ಕೆ. ಇಪ್ಪತ್ತರ ಹುಡುಗ ಕೆಲಸಕ್ಕೆ ಸೇರುವಾಗ ಅಣ್ಣನ ಹೆಸರು ಬರೆದಿರುತ್ತಾನೆ, ಮದುವೆಯಾದ ಮೇಲೆ ಬದಲಿಸುವುದಿಲ್ಲ. ಅಣ್ಣ "ಕಾಗದದಲ್ಲಿ ನನ್ನ ಹೆಸರಿದೆ" ಅಂತಾನೆ. ಪಿಎಫ್ ನಿಯಮದಲ್ಲಿ ಅಣ್ಣ ಕುಟುಂಬದ ಲೆಕ್ಕಕ್ಕೆ ಬರುವುದಿಲ್ಲ, ಮದುವೆಯಾದ ಕೂಡಲೇ ಆ ನಾಮಿನಿ ರದ್ದು. ಬೇರೆ ನಾಮಿನಿ ಇಲ್ಲದಿದ್ದರೆ ಕುಟುಂಬದವರಿಗೆ ಸಮಪಾಲು, ಆದರೆ ವಯಸ್ಸಿಗೆ ಬಂದ ಮಗನಿಗೆ ಆ ಪಾಲಿಲ್ಲ! ಇದನ್ನು ಕೇಳಿದರೆ ನಮ್ಮೂರ ಹಿರಿಯರು ನಂಬುವುದೇ ಇಲ್ಲ.

ಇನ್ನು ಕಾಗದಪತ್ರ. ಬಾಂಬೋಳಿಯ ಆಸ್ಪತ್ರೆಯಲ್ಲಿ ಸತ್ತರೆ ಮರಣ ಪ್ರಮಾಣಪತ್ರ ಗೋವಾದ್ದು. ವಂಶವೃಕ್ಷ ನಮ್ಮ ನಾಡಕಚೇರಿಯದ್ದು. ಅರ್ಜಿ ಹೋಗಬೇಕಾದದ್ದು ಪಣಜಿಯ ಪಿಎಫ್ ಕಚೇರಿಗೆ. ಒಂದರಲ್ಲಿ ನಾಯ್ಕ, ಇನ್ನೊಂದರಲ್ಲಿ ನಾಯಕ, ಮೂರನೆಯದರಲ್ಲಿ ಅಪ್ಪನ ಹೆಸರೇ ಇಲ್ಲ. ಅರ್ಜಿ ವಾಪಸ್. ಅದಕ್ಕೇ ಮೊದಲು ಆಧಾರ್, ಬ್ಯಾಂಕ್ ಪಾಸ್‌ಬುಕ್, ಮರಣ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ ಅನ್ನುತ್ತೇನೆ.

ಕಂಪನಿ ಮುಚ್ಚಿದ್ದರೆ? 2012ರಲ್ಲಿ ಗೋವಾದ ಗಣಿಗಳು ನಿಂತಾಗ ಕೆಲಸ ಬಿಟ್ಟು ಬಂದವರು ನಮ್ಮ ಕಡೆ ಇದ್ದಾರೆ. ಅರ್ಜಿಗೆ ಸಹಿ ಹಾಕುವ ಮಾಲೀಕ ಸಿಗದಿದ್ದರೆ ಬ್ಯಾಂಕ್ ಮ್ಯಾನೇಜರ್, ಗೆಜೆಟೆಡ್ ಅಧಿಕಾರಿ ದೃಢೀಕರಿಸಬಹುದು. ಪಂಚಾಯಿತಿ ಅಧ್ಯಕ್ಷರ ಸಹಿಯೂ ನಡೆಯುತ್ತದೆ.

ಯಾರೂ ಕೇಳದೇ ಬಿಟ್ಟರೆ? ಸಾವಾದ ಮೇಲೆ 3 ವರ್ಷ ಅರ್ಜಿ ಬರದಿದ್ದರೆ ಖಾತೆ ನಿಷ್ಕ್ರಿಯ, ಬಡ್ಡಿಯೂ ನಿಲ್ಲುತ್ತದೆ. ಆಮೇಲೂ 7 ವರ್ಷ ಯಾರೂ ಬಾರದಿದ್ದರೆ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಹೋಯಿತು ಅಂತ ಕೈಬಿಡಬೇಡಿ, ಅಲ್ಲಿಂದಲೂ 25 ವರ್ಷದವರೆಗೆ ಕೇಳುವ ಹಕ್ಕಿದೆ.

ಈ ಹಕ್ಕಿನ ಸುದ್ದಿ ಮೊದಲು ಮುಟ್ಟುವುದು ಏಜೆಂಟರಿಗೆ. ಬರುವ ಹಣದಲ್ಲಿ ಪಾಲು ಕೇಳುತ್ತಾರೆ. ಅರ್ಜಿಗೆ ಶುಲ್ಕವೇ ಇಲ್ಲ.