ಚಿಕ್ಕ ಓವನ್ ತಂದ್ರೆ ಗೃಹಜ್ಯೋತಿ ಲಿಮಿಟ್ ದಾಟುತ್ತಾ?

ಪ್ರಶ್ನೆ: ಮೇಡಂ, ನಮ್ದು ಮೂರು ಜನರ ಮನೆ. ಮಗಳಿಗೆ ಕೇಕು, ಬಿಸ್ಕೆಟ್ ಮಾಡೋ ಹುಚ್ಚು, ಓಟಿಜಿ (ಬೇಕ್, ಟೋಸ್ಟ್, ಗ್ರಿಲ್ ಮಾಡೋ ಚಿಕ್ಕ ಕರೆಂಟ್ ಓವನ್) ಕೊಡ್ಸಿ ಅಂತ ಒಂದೇ ಹಠ. ಅಂಗಡೀಲಿ 10, 16, 30 ಲೀಟರ್‌ದು ತೋರಿಸಿ ದೊಡ್ಡದೇ ತಗೊಳ್ಳಿ ಅಂದ್ರು. ಗೃಹಜ್ಯೋತೀಲಿ ನಮ್ಗೆ 68 ಯೂನಿಟ್ ಸಿಗುತ್ತೆ, ಓವನ್ ಬಂದ್ರೆ ಅದು ದಾಟುತ್ತೆ ಅಂತ ನಮ್ಮನೆಯವ್ರು ಬೇಡ ಅಂತಿದಾರೆ. ಏನ್ ಮಾಡ್ಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಧಾರಾಳವಾಗಿ ಕೊಡ್ಸಿ, ಆದ್ರೆ 30 ಲೀಟರ್‌ದು ಬೇಡ. ನಿಮ್ಮನೆಗೆ 16 ಲೀಟರ್ ಸಾಕು, ಅದ್ರಲ್ಲಿ ಸಾಮಾನ್ಯವಾಗಿ 8 ಇಂಚಿನ ಟಿನ್ ಕೂರುತ್ತೆ, ಅಂದ್ರೆ ಒಂದು ಕೆಜಿ ಕೇಕ್. 10 ಲೀಟರ್‌ದು ಟೋಸ್ಟ್‌ಗೆ, ಅರ್ಧ ಕೆಜಿ ಕೇಕ್‌ಗೆ ಆಗುತ್ತೆ, ಆದ್ರೆ ರಾಡು ತೀರಾ ಹತ್ರ ಇರೋದ್ರಿಂದ ಮೇಲೆ ಸೀದು ಒಳಗೆ ಹಸಿಹಸಿ ಉಳಿಯೋ ಕಾಟ ಜಾಸ್ತಿ. ಅಂಗಡಿಗೆ ಹೋಗುವಾಗ ನಿಮ್ಮ ಟಿನ್ ಜೊತೇಲೇ ತಗೊಂಡು ಹೋಗಿ ಒಳಗಿಟ್ಟು ನೋಡಿ, ಸುತ್ತ ಒಂದಿಂಚು ಜಾಗ ಉಳೀಬೇಕು, ಬಾಗಿಲು ಹಾಕಿದ್ರೆ ಸಂದಿ ಇಲ್ದಂಗೆ ಬಿಗಿಯಾಗಿ ಕೂರ್ಬೇಕು. ಬಾಗಿಲು ಸಡಿಲ ಇದ್ರೆ ಶಾಖ ಹೊರಗೆ ಹೋಗ್ತಾನೇ ಇರುತ್ತೆ, ರಾಡು ಉರೀತಾನೇ ಇರುತ್ತೆ, ಆಗ ವ್ಯಾಟ್ ಕಮ್ಮಿ ಅಂತ ತಗೊಂಡು ಏನೂ ಪ್ರಯೋಜನ ಇಲ್ಲ.

ಈಗ ನಿಮ್ಮನೆಯವ್ರ ಲೆಕ್ಕಕ್ಕೆ ಬರೋಣ. 16 ಲೀಟರ್ ಓವನ್ ಸುಮಾರು 1200 ವ್ಯಾಟ್ ಇರುತ್ತೆ, 1000 ವ್ಯಾಟ್ ಒಂದು ಗಂಟೆ ಉರಿದ್ರೆ ಒಂದು ಯೂನಿಟ್. ಹಾಗಂತ 1200 ವ್ಯಾಟ್ ಅಂದ್ರೆ ಗಂಟೆಗೆ 1.2 ಯೂನಿಟ್ ಖರ್ಚು ಅಂದ್ಕೋಬೇಡಿ, ಯಾಕಂದ್ರೆ ಒಳಗೆ ಬೇಕಾದಷ್ಟು ಬಿಸಿ ಆದ್ಮೇಲೆ ಥರ್ಮೋಸ್ಟಾಟ್ ಟಕ್ ಅಂತ ಕಟ್ ಮಾಡುತ್ತೆ, ಕೆಂಪಗಿದ್ದ ರಾಡು ಕಪ್ಪಾಗುತ್ತೆ, ಆಮೇಲೆ ಬಿಸಿ ಇಳಿದಾಗ ಮತ್ತೆ ಹತ್ಕೊಳುತ್ತೆ. ಪ್ರೀಹೀಟ್ 10 ನಿಮಿಷಕ್ಕೆ 0.2 ಯೂನಿಟ್, ಆಮೇಲೆ 35 ನಿಮಿಷದಲ್ಲಿ ಅರ್ಧ ಹೊತ್ತು ಉರಿದ್ರೆ 0.35, ಒಟ್ಟು ಅರ್ಧ ಯೂನಿಟ್ ಮೇಲೆ ಸ್ವಲ್ಪ. ವಾರಕ್ಕೊಂದು ಕೇಕ್ ಮಾಡಿದ್ರೂ ತಿಂಗಳಿಗೆ ಎರಡೂವರೆ ಯೂನಿಟ್ ಒಳಗೇ ಮುಗೀತು. 68 ದಾಟಿದ್ರೂ ಒಟ್ಟು 200 ಒಳಗಿದ್ರೆ ದಾಟಿದ ಯೂನಿಟ್‌ಗಷ್ಟೇ ದುಡ್ಡು ಕಟ್ಟೋದು, ಪೂರ್ತಿ ಬಿಲ್ ಬರೋದು 200 ದಾಟಿದ್ರೆ. ನಂಬಿಕೆ ಬರ್ಲಿಲ್ಲ ಅಂದ್ರೆ ಬೇಯಿಸೋ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ ಮೀಟರ್ ರೀಡಿಂಗ್ ಅವ್ರ ಹತ್ರಾನೇ ನೋಡ್ಸಿ.

ನಿಜವಾದ ಉಳಿತಾಯ ಇರೋದು ಒಂದ್ಸಲ ಬಿಸಿ ಮಾಡಿದ್ದನ್ನ ಪೂರ್ತಿ ಬಳಸೋದ್ರಲ್ಲಿ. ಕೇಕ್ ತೆಗೆದ ತಕ್ಷಣ ನಾನ್‌ಖಟಾಯಿ ಟ್ರೇ ಒಳಗೆ ಹೋಗ್ಬೇಕು, ಅದು ಬೇಯೋಕೆ ಐದು ನಿಮಿಷ ಇದೆ ಅನ್ನುವಾಗ ಸ್ವಿಚ್ ಆಫ್ ಮಾಡಿ, ಉಳಿದ ಶಾಖದಲ್ಲೇ ಆಗುತ್ತೆ. ಅದನ್ನೂ ತೆಗೆದ್ಮೇಲೆ ಆ ಬಿಸೀಲಿ ಮೆತ್ತಗಾದ ಚಕ್ಕುಲಿ, ಕೋಡುಬಳೆ ಹರಡಿಟ್ರೆ ಮತ್ತೆ ಗರಿಗರಿ ಆಗುತ್ತೆ, ಒಂದು ಪೈಸೆ ಕರೆಂಟ್ ಬೇಡ. ಕೇಕ್ ಉಬ್ಬಿತಾ ಅಂತ ಪದೇಪದೇ ಬಾಗಿಲು ತೆಗೀಬೇಡಿ, ಲೈಟ್ ಇರೋ ಮಾಡೆಲ್ ಆದ್ರೆ ಗಾಜಿನಲ್ಲೇ ಕಾಣುತ್ತೆ. ಬೇಕ್ ಮಾಡುವಾಗ ಕೆಳಗಿನ ರಾಡ್ ಮಾತ್ರ ಉರಿಸೋ ಸೆಟ್ಟಿಂಗ್ ಇದ್ರೆ ಪ್ರೀಹೀಟ್ ಆದ್ಮೇಲೆ ಅದಕ್ಕೆ ತಿರುಗಿಸಿ, ಮೇಲೆ ಸೀಯೋದೂ ತಪ್ಪುತ್ತೆ. ಇನ್ನು ಟೈಮರ್‌ನಲ್ಲಿ ‘ಸ್ಟೇ ಆನ್’ ಅಂತ ಇರುತ್ತಲ್ಲ, ಅದನ್ನ ಮಗಳು ಮುಟ್ಟದಂಗೆ ಹೇಳಿಡಿ, ನಾವೇ ಆಫ್ ಮಾಡೋವರೆಗೂ ಅದು ಉರೀತಾನೇ ಇರುತ್ತೆ.

ಅನ್ನ, ಸಾರು ಬಿಸಿ ಮಾಡೋಕೆ ಮಾತ್ರ ದಯವಿಟ್ಟು ಓಟಿಜಿ ಹಚ್ಚಬೇಡಿ, ಅದು ಶುದ್ಧ ದಂಡ, ಗ್ಯಾಸ್ ಮೇಲೆ ಎರಡು ನಿಮಿಷದ ಕೆಲಸ. ಪ್ಲಗ್ ವಿಷಯ ಅಂದ್ರೆ 16 ಆಂಪ್ ಪವರ್ ಪ್ಲಗ್‌ಗೇ ಹಾಕಿ, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ.

ಪ್ರಶ್ನೆ: ನಮ್ಮೂರಲ್ಲಿ ಸಂಜೆ ವೋಲ್ಟೇಜ್ ತುಂಬಾ ಕಮ್ಮಿ, ಓವನ್‌ನಲ್ಲಿ ಕೇಕ್ ಬೇಯೋದೇ ಇಲ್ಲ. ಯುಪಿಎಸ್‌ಗೆ ಹಾಕ್ಬೋದಾ?
— ಓದುಗರೊಬ್ಬರು, ಸಿದ್ದಾಪುರ

ಉತ್ತರ: ಬೇಡ. ಮನೆ ಯುಪಿಎಸ್‌ಗಳು ಹೆಚ್ಚಾಗಿ 900 ವಿಎ ಆಸುಪಾಸಿನವು, ಲೈಟು ಫ್ಯಾನಿಗೆ ಅಂತ ಇರೋವು, ಓವನ್ ಹಾಕಿದ್ರೆ ಓವರ್‌ಲೋಡ್ ಆಗಿ ಟ್ರಿಪ್ ಆಗುತ್ತೆ. ನಿಮ್ಮ ಓವನ್ ಕೆಟ್ಟಿದೆ ಅಂತಾನೂ ಅಂದ್ಕೋಬೇಡಿ, 230 ಇರಬೇಕಾದ ವೋಲ್ಟೇಜ್ 180ಕ್ಕೆ ಇಳಿದ್ರೆ 1200 ವ್ಯಾಟ್ ರಾಡು ಕೊಡೋದು 735 ವ್ಯಾಟ್ ಅಷ್ಟೇ. ಬಿಸಿ ಏರೋಕೆ ತುಂಬಾ ಹೊತ್ತು ಹಿಡಿಯುತ್ತೆ, ಅಷ್ಟು ಹೊತ್ತೂ ಶಾಖ ಹೊರಗೆ ಹೋಗ್ತಿರುತ್ತೆ, ಹಂಗಾಗಿ ಅದೇ ಕೇಕಿಗೆ ಯೂನಿಟ್ಟೂ ಜಾಸ್ತಿ. ವೋಲ್ಟೇಜ್ ಚೆನ್ನಾಗಿರೋ ಹೊತ್ತು ನೋಡ್ಕೊಂಡು ಬೆಳಗ್ಗೇನೋ ಮಧ್ಯಾಹ್ನಾನೋ ಬೇಕ್ ಮಾಡಿ. ಸಂಜೇನೇ ಆಗ್ಬೇಕು ಅಂದ್ರೆ ಕುಕ್ಕರ್‌ದು ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದು, ತಳಕ್ಕೆ ಉಪ್ಪು ಹಾಕಿ ಸ್ಟ್ಯಾಂಡ್ ಮೇಲೆ ಟಿನ್ ಇಟ್ಟು ಸಣ್ಣ ಉರೀಲಿ ಬೇಯಿಸಿ, ಸುಮಾರು 40 ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡಿ.