ಸೂರು ಮರೆತು ಮಣ್ಣನ್ನು ಬೈಯಬೇಡಿ

ಪತ್ರ: ಮಳವಳ್ಳಿ ಬಳಿಯ ನಮ್ಮೂರಿನಲ್ಲಿ ಮಣ್ಣಿನ ಮನೆ ಕಟ್ಟಿಸಬೇಕೆಂದಿದ್ದೇನೆ. ಎರಡು ಮಳೆಗಾಲಕ್ಕೆ ಗೋಡೆ ಕರಗುತ್ತದೆ, ಕಟ್ಟಲೇಬೇಕೆಂದಿದ್ದರೆ ಹೊರಗೆ ಸಿಮೆಂಟ್ ಬಳಿಸಿ ಎಂದು ಮೇಸ್ತ್ರಿ ನಗುತ್ತಾನೆ. ನಕ್ಷೆ ಲಗತ್ತಿಸಿದ್ದೇನೆ. ತಮ್ಮ ಅಭಿಪ್ರಾಯ ತಿಳಿಸಿ.
– ಒಬ್ಬ ನಿವೃತ್ತ ಉಪಾಧ್ಯಾಯ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ನಕ್ಷೆಯನ್ನು ನಾಲ್ಕು ಸಲ ನೋಡಿದೆ. ಕೈಬರಹ ಮುತ್ತಿನಂತಿದೆ. ನಕ್ಷೆಯಲ್ಲಿ ದೇವರಮನೆಯಿದೆ, ಎರಡು ಕಾರುಗಳಿಗೆ ಜಾಗವಿದೆ, ಚಪ್ಪಲಿ ಗೂಡಿಗೂ ಜಾಗವಿದೆ. ಗೋಡೆಯಿಂದಾಚೆಗೆ ಚಾಚಿಕೊಳ್ಳುವ ಸೂರು ಮಾತ್ರ ಎಲ್ಲಿಯೂ ಇಲ್ಲ. ಗೋಡೆಯ ಅಂಚಿಗೆ ಸರಿಯಾಗಿ ಚಪ್ಪಟೆ ತಾರಸಿ ಎಳೆದು ಕೈತೊಳೆದುಕೊಂಡಿದ್ದೀರಿ. ಮೇಸ್ತ್ರಿ ನಕ್ಕದ್ದು ಮಣ್ಣನ್ನು ಕಂಡಾದರೆ ಅವನದು ತಪ್ಪು. ಈ ನಕ್ಷೆಯನ್ನು ಕಂಡಾದರೆ ನಾನೂ ಅವನ ಜೊತೆ ನಗುತ್ತೇನೆ.

ಅವನ ಮಾತಿನಲ್ಲಿರುವ ಸತ್ಯವನ್ನು ಮೊದಲೇ ಒಪ್ಪಿಬಿಡುತ್ತೇನೆ. ನಿಂತ ನೀರಿನಲ್ಲಿ ಮಣ್ಣಿನ ಗೋಡೆ ಬಾಳುವುದಿಲ್ಲ. ಹೊಳೆ ಉಕ್ಕಿ ಬರುವ ಕಡೆ, ನಾಲೆಯ ಬಸಿನೀರು ಒಸರುವ ಗದ್ದೆಬಯಲಿನಲ್ಲಿ ಕಟ್ಟಬೇಡಿ. ಬಚ್ಚಲಿಗೆ ಸಿಮೆಂಟ್ ಹಾಕಿಸಿಕೊಳ್ಳಿ. ಸಿಮೆಂಟಿನ ಪರವಾಗಿ ಇಷ್ಟು ಸಾಕು.

ಇನ್ನು ಮಳೆಯ ವಿಷಯ. ಮಂಡ್ಯ, ಮೈಸೂರಿಗೆ ವರ್ಷಕ್ಕೆ ಬೀಳುವುದು ಸುಮಾರು 700–800 ಮಿಲಿಮೀಟರ್. ಮಂಗಳೂರಿಗೆ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಅಲ್ಲಿಯೂ ಮಣ್ಣುಗೋಡೆಯ ಹಳೆಯ ಮನೆಗಳಿವೆ. ಅವುಗಳ ಇಳಿಜಾರು ಛಾವಣಿ ಎಷ್ಟು ತಗ್ಗಿಗೆ ಇಳಿದಿರುತ್ತದೆಂದರೆ ತಲೆ ಬಾಗಿಸದೆ ಒಳಗೆ ಹೋಗುವಂತಿಲ್ಲ. ಚೀನಾದ ಫುಜಿಯಾನ್ ಮಳೆನಾಡು. ಅಲ್ಲಿ ಮಣ್ಣು ಬಡಿದು ಎಬ್ಬಿಸಿದ ಹಲವು ಅಂತಸ್ತಿನ ದುಂಡು ಮನೆಗಳಿವೆ, ಕೆಲವಕ್ಕೆ ಶತಮಾನಗಳ ವಯಸ್ಸು. 2008ರಲ್ಲಿ ಯುನೆಸ್ಕೊ ಅವುಗಳಲ್ಲಿ ಕೆಲವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸದಾ ಜಿನುಗುವ ಇಂಗ್ಲೆಂಡಿನ ಡೆವನ್ ಸೀಮೆಯವರಂತೂ ಮಣ್ಣಿನ ಗೋಡೆಗೆ ಒಳ್ಳೆಯ ಟೋಪಿ, ಒಳ್ಳೆಯ ಬೂಟು ಇದ್ದರೆ ಸಾಕು ಎನ್ನುತ್ತಾರೆ. ಟೋಪಿಯೆಂದರೆ ಸೂರು, ಬೂಟೆಂದರೆ ನೆಲದಿಂದ ಮೇಲೆದ್ದ ಕಲ್ಲಿನ ತಳಪಾಯ. ನಿಮ್ಮ ಮನೆ ಬೋಳುತಲೆಯಲ್ಲಿ ಬರಿಗಾಲಲ್ಲಿ ನಿಂತಿದೆ.

ಶ್ರೀರಂಗಪಟ್ಟಣದ ಬಳಿ ನನ್ನ ಅಜ್ಜಿಯ ಮನೆಯಿತ್ತು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ಮಳೆ ನಿಂತ ಮೇಲೆ ಗೋಡೆಯಿಂದ ಮೂರಡಿ ಆಚೆ ನೆಲದಲ್ಲಿ ಸಾಲಾಗಿ ಪುಟ್ಟ ಗುಳಿಗಳು ಕಾಣುತ್ತಿದ್ದವು, ಹೆಂಚಿನ ಒಂದೊಂದು ಸಾಲಿಗೆ ಒಂದೊಂದು ಗುಳಿ. ಗುಳಿಯಲ್ಲಿ ತೊಳೆದ ಹರಳುಗಳು. ಆ ಗೆರೆಯಿಂದ ಈಚೆಗೆ ನೆಲ ಒಣಗಿರುತ್ತಿತ್ತು, ಕೋಳಿಗಳು ಅಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಹಬ್ಬಕ್ಕೊಮ್ಮೆ ಅಜ್ಜಿ ಗೋಡೆಗೆ ಸುಣ್ಣ ಬಳಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಸೋದರಮಾವ ‘ಭದ್ರವಾಗಲಿ’ ಎಂದು ಸಿಮೆಂಟ್ ಗಿಲಾವು ಮಾಡಿಸಿದರು, ಕಾರು ತಿರುಗಲೆಂದು ಸೂರನ್ನೂ ಮೊಟಕು ಮಾಡಿಸಿದರು. ಕೆಲವೇ ವರ್ಷಗಳಲ್ಲಿ ಪಡುವಣ ಗೋಡೆಯನ್ನು ತಟ್ಟಿದರೆ ಡೊಳ್ಳಿನ ಸದ್ದು. ಒಂದು ದಿನ ಗಿಲಾವು ಹಾಳೆಯಂತೆ ಕಳಚಿತು. ಒಳಗಿನ ಮಣ್ಣು ಆಲೆಮನೆಯ ಹಸಿಬೆಲ್ಲದಂತೆ ಬೆರಳಿಗೆ ಅಂಟುತ್ತಿತ್ತು. ಸಿಮೆಂಟಿನ ಬಿರುಕಿನಲ್ಲಿ ಒಳಹೊಕ್ಕ ನೀರಿಗೆ ಹೊರಗೆ ಬರಲು ದಾರಿಯಿರಲಿಲ್ಲ. ಸುಣ್ಣವಾಗಿದ್ದರೆ ತೇವವನ್ನು ಆರಲು ಬಿಡುತ್ತಿತ್ತು. ಮುಂದಿನ ಮಳೆಗೆ ಗೋಡೆ ಕುಸಿಯಿತು. ಊರೆಲ್ಲ ಮಣ್ಣನ್ನು ಬೈದರು.

ಸುಣ್ಣವೆಂದರೆ ಮೂಗು ಮುರಿಯುವವರಿಗೆ ನಾನು ಕನ್ನಂಬಾಡಿ ಕಟ್ಟೆಯನ್ನು ತೋರಿಸುತ್ತೇನೆ. 1911ರಲ್ಲಿ ಕೆಲಸ ಆರಂಭವಾದ ಆ ಕಟ್ಟೆಯ ಕಲ್ಲುಗಳನ್ನು ಬೆಸೆದಿರುವುದು ಸುಣ್ಣ, ಇಟ್ಟಿಗೆಪುಡಿಯ ಸುರ್ಕಿ ಗಾರೆ. ಕಾವೇರಿಯನ್ನು ತಡೆದು ನಿಲ್ಲಿಸಿದ್ದಕ್ಕೆ ನಿಮ್ಮ ಪಡುವಣ ಗೋಡೆ ಯಾವ ಲೆಕ್ಕ?

ಮಣ್ಣನ್ನು ಮಾತ್ರ ನೋಡಿ ಆರಿಸಿ. ಎರೆಮಣ್ಣು ಬೇಡ, ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುತ್ತದೆ. ಕೆಮ್ಮಣ್ಣನ್ನು ನೀರಿನೊಂದಿಗೆ ಸೀಸೆಗೆ ಹಾಕಿ ಕುಲುಕಿ ಒಂದು ದಿನ ಬಿಡಿ. ಮರಳು ತಳಕ್ಕೆ, ಜೇಡಿ ಮೇಲಕ್ಕೆ ಪದರವಾಗಿ ನಿಲ್ಲುತ್ತದೆ. ಐದರಲ್ಲೊಂದು ಪಾಲು ಜೇಡಿಯಿದ್ದರೆ ಒಳ್ಳೆಯದು. ಭತ್ತದ ಹುಲ್ಲು ಕಲಸಿ ತುಳಿಸಿ. ಮಂಡ್ಯದವರಿಗೆ ಹುಲ್ಲಿಗೇನು ಬರ? ಅಷ್ಟಾಗಿಯೂ ಮೇಸ್ತ್ರಿ ಒಪ್ಪದಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ವರ್ಷಗಟ್ಟಲೆ ಇದೇ ಮಣ್ಣಿನ ಹಿಂದೆ ಬಿದ್ದಿತ್ತೆಂದು ಹೇಳಿ. ಚೂರು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಅಲ್ಲಿಂದಲೇ ನಾಡಿಗೆ ಹರಡಿದ್ದು.

ನನ್ನ ನಿಜವಾದ ಸಂಕಟ ಬೇರೆ. ಕನ್ನಡದಲ್ಲಿ ಸೂರು ಎಂದರೆ ಮನೆಯೆಂಬ ಅರ್ಥವೂ ಇದೆ. ‘ಸರ್ವರಿಗೂ ಸೂರು’ ಎಂದು ಗೋಡೆಯ ಮೇಲೆ ಬರೆಸುವ ಸರ್ಕಾರ ಕಟ್ಟಿಸುವ ಮನೆಗಳಲ್ಲಿ ಸೂರೊಂದನ್ನು ಹುಡುಕಿ ನೋಡಿ. ಕಡತದಲ್ಲಿ ಮಣ್ಣುಗೋಡೆಗೆ ‘ಕಚ್ಚಾ’ ಎಂದು ಹೆಸರು. ನೂರು ವರ್ಷ ನಿಂತರೂ ಅದು ಕಚ್ಚಾ; ಕಬ್ಬಿಣ ತುಕ್ಕು ಹಿಡಿದು ತಲೆಯ ಮೇಲೆ ಚಕ್ಕೆ ಉದುರಿಸುವ ತಾರಸಿ ಪಕ್ಕಾ. ಮೈಸೂರಿನ ಹಳೆಯ ಅಗ್ರಹಾರಗಳಲ್ಲಿ ಮಳೆ ಹಿಡಿದರೆ ಯಾರ ಜಗುಲಿಯಾದರೂ ಸರಿ, ಹತ್ತಿ ನಿಲ್ಲುತ್ತಿದ್ದೆವು, ಒಳಗಿನಿಂದ ‘ಯಾರದು?’ ಎಂದು ಕೇಳುತ್ತಿದ್ದರೇ ಹೊರತು ‘ಹೋಗು’ ಎನ್ನುತ್ತಿರಲಿಲ್ಲ. ಮೊನ್ನೆ ಹೊಸ ಬಡಾವಣೆಯೊಂದರಲ್ಲಿ ಮಳೆಗೆ ಸಿಕ್ಕಿ ಇಡೀ ರಸ್ತೆ ನಡೆದೆ. ಎಲ್ಲ ಗೇಟುಗಳ ಮೇಲೂ ನಾಯಿಯ ಚಿತ್ರ, ನಿಲ್ಲಲು ಗೇಣುದ್ದ ಸೂರಿಲ್ಲ. ಕಡೆಗೆ ಎಟಿಎಮ್ ಒಳಗೆ ನಿಂತು, ಸುಮ್ಮನೆ ನಿಂತರೆ ಕಾವಲುಗಾರ ಏನೆಂದುಕೊಂಡಾನೋ ಎಂದು ಐನೂರು ರೂಪಾಯಿ ತೆಗೆದೆ.

ನಕ್ಷೆಯನ್ನು ಹಿಂದಿರುಗಿಸಿದ್ದೇನೆ. ಮೇಷ್ಟ್ರ ಹಾಳೆಗೆ ಕೆಂಪು ಶಾಯಿ ಹಚ್ಚುವ ಸುಖ ನನ್ನ ಪಾಲಿಗೂ ಬಂತಲ್ಲ! ಸುತ್ತ ಮೂರಡಿ ಸೂರು, ಕೆಳಗೆ ಎರಡಡಿ ಕಲ್ಲಿನ ತಳಪಾಯ, ಮುಂದೆ ಜಗುಲಿ ಎಳೆದಿದ್ದೇನೆ. ಇದರಿಂದ ಒಂದು ಕಾರಿನ ಜಾಗ ಹೋಗುತ್ತದೆ. ಕಾರು ಹೊರಗೆ ನಿಲ್ಲಲಿ, ನೆನೆದರೆ ಕರಗುವುದಿಲ್ಲ.