ಪಾಲಿಕೆ ಟೆಂಡರ್‌ನಲ್ಲಿ ಸಣ್ಣವರಿಗೆ ಎಷ್ಟು ಜಾಗ? ಓದುಗರ ಪ್ರಶ್ನೆ, ನಮ್ಮ ಉತ್ತರ

ಮಲೆನಾಡಿನಲ್ಲಿ ಮಳೆ ಹಿಂದೆ ಸರಿಯುತ್ತಿದ್ದಂತೆ ಪಾಲಿಕೆ, ನಗರಸಭೆ, ಪಟ್ಟಣ ಪಂಚಾಯಿತಿಗಳ ಟೆಂಡರ್ ಪ್ರಕಟಣೆಗಳು ಸಾಲಾಗಿ ಬರುತ್ತವೆ. ಸಣ್ಣ ಕಾರ್ಖಾನೆ, ಮುದ್ರಣಾಲಯ, ಗುತ್ತಿಗೆ ನಡೆಸುವ ಓದುಗರು ಈ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಾಚೇನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಕೊಡುವ ನೋಂದಣಿ) ಆಗಿದೆ. ನಗರ ಸ್ಥಳೀಯ ಸಂಸ್ಥೆಯೊಂದು ಮ್ಯಾನ್‌ಹೋಲ್ ಮುಚ್ಚಳಕ್ಕೆ ಟೆಂಡರ್ ಕರೆದಾಗ ಇಎಂಡಿ (ಟೆಂಡರ್ ಜೊತೆ ಕಟ್ಟುವ ಮುಂಗಡ ಠೇವಣಿ) ಕಟ್ಟದೆ ಉದ್ಯಮ್ ಪ್ರಮಾಣಪತ್ರ ಲಗತ್ತಿಸಿದೆವು. ತಾಂತ್ರಿಕ ಹಂತದಲ್ಲೇ ತಿರಸ್ಕರಿಸಿದರು. ಕೇಂದ್ರ ಸರ್ಕಾರವೇ ವಿನಾಯಿತಿ ಕೊಟ್ಟಿದೆಯಲ್ಲ?

ಉತ್ತರ: ಕೊಟ್ಟಿದೆ, ಆದರೆ ಅದು ಪಾಲಿಕೆ, ನಗರಸಭೆಗಳಿಗೆ ಅನ್ವಯಿಸುವುದಿಲ್ಲ. ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಖರೀದಿಸುವ ಕುರಿತ 2012ರ ಆದೇಶ ಕೇಂದ್ರದ ಸಚಿವಾಲಯಗಳು, ಇಲಾಖೆಗಳು ಮತ್ತು ಕೇಂದ್ರದ ಸಾರ್ವಜನಿಕ ಉದ್ದಿಮೆಗಳಿಗೆ ಮಾತ್ರ ಸೀಮಿತ. ಅವು ವರ್ಷದ ಖರೀದಿಯಲ್ಲಿ ಕನಿಷ್ಠ ಶೇ 25ರಷ್ಟನ್ನು ಇಂಥ ಉದ್ದಿಮೆಗಳಿಂದ ಕೊಳ್ಳಬೇಕು. ಅದರೊಳಗೆ ಪರಿಶಿಷ್ಟರ ಉದ್ದಿಮೆಗಳಿಗೆ ಶೇ 4, ಮಹಿಳೆಯರ ಉದ್ದಿಮೆಗಳಿಗೆ ಶೇ 3 ಮೀಸಲು. 358 ವಸ್ತುಗಳನ್ನು ಸಣ್ಣವರಿಂದಲೇ ಕೊಳ್ಳಬೇಕೆಂಬ ಪಟ್ಟಿಯೂ ಇದೆ. ಟೆಂಡರ್ ದಾಖಲೆ ಉಚಿತ, ಇಎಂಡಿ ಇಲ್ಲ. ಅತಿ ಕಡಿಮೆ ದರ ಹಾಕಿದವರು ಸಣ್ಣ ಉದ್ದಿಮೆಯವರಲ್ಲದೆ, ನಿಮ್ಮ ದರ ಅದಕ್ಕಿಂತ ಶೇ 15ರೊಳಗೆ ಹೆಚ್ಚಿದ್ದರೆ, ಆ ದರಕ್ಕೆ ಇಳಿದು ಒಂದು ಪಾಲು ಪೂರೈಸುವ ಅವಕಾಶವನ್ನೂ ನಿಮಗೆ ಕೊಡಬೇಕು. ಭದ್ರಾವತಿಯ ವಿಐಎಸ್‌ಎಲ್ ಕೇಂದ್ರದ ಉಕ್ಕು ಪ್ರಾಧಿಕಾರದ ಘಟಕ. ರೈಲ್ವೆಯೂ ಕೇಂದ್ರದ್ದೇ. ಅಲ್ಲಿ ಈ ಹಕ್ಕುಗಳನ್ನು ಧೈರ್ಯವಾಗಿ ಕೇಳಿ.

ಪಾಲಿಕೆ, ನಗರಸಭೆಗಳ ಖರೀದಿ ನಡೆಯುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಮತ್ತು ಅದರ 2000ದ ನಿಯಮಗಳ ಅಡಿಯಲ್ಲಿ. ನೀವು ಹಾಕುವ ಟೆಂಡರ್ ದಾಖಲೆಯಲ್ಲಿ ಇಎಂಡಿ ವಿನಾಯಿತಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಕಟ್ಟಲೇಬೇಕು. ರಾಜ್ಯದ ಯಾವುದಾದರೂ ಆದೇಶ ನಿಮಗೆ ಅನ್ವಯಿಸುತ್ತದೆ ಎನಿಸಿದರೆ, ಆದೇಶದ ಪ್ರತಿ ಸೇರಿಸಿ ಸ್ಪಷ್ಟೀಕರಣ ಕೇಳುವ ಗಡುವಿನೊಳಗೆ ಲಿಖಿತವಾಗಿ ಕೇಳಿ. ಟೆಂಡರ್ ತೆರೆದ ಮೇಲೆ ಎತ್ತುವ ವಿನಾಯಿತಿಯ ಮಾತಿಗೆ ಬೆಲೆ ಇಲ್ಲ, ಏಕೆಂದರೆ ಆಗ ನಿಯಮ ಸಡಿಲಿಸಿದರೆ ದುಡ್ಡು ಕಟ್ಟಿದ ಉಳಿದವರಿಗೆ ಅನ್ಯಾಯವಾಗುತ್ತದೆ.

ಇಎಂಡಿ ಸರಿಯಿದ್ದರೂ ಮುಚ್ಚಳದ ಟೆಂಡರ್ ಇನ್ನೊಂದು ಕಡೆ ಬೀಳುತ್ತದೆ. ಎರಕದ ಕಬ್ಬಿಣದ ಮುಚ್ಚಳಕ್ಕೆ ಐಎಸ್ 1726, ಪ್ರೀಕಾಸ್ಟ್ ಕಾಂಕ್ರೀಟ್ ಮುಚ್ಚಳಕ್ಕೆ ಐಎಸ್ 12592 ಮಾನಕ. ಎಲ್‌ಡಿ-2.5, ಎಂಡಿ-10, ಎಚ್‌ಡಿ-20, ಇಎಚ್‌ಡಿ-35 ಎಂಬ ದರ್ಜೆಗಳಲ್ಲಿನ ಅಂಕಿಗಳು ಮುಚ್ಚಳ ತಾಳಬೇಕಾದ ಪರೀಕ್ಷಾ ಭಾರವನ್ನು ಟನ್‌ಗಳಲ್ಲಿ ಹೇಳುತ್ತವೆ. ಬಿ.ಎಚ್. ರಸ್ತೆಯಂಥ ಲಾರಿ ಓಡಾಟದ ಜಾಗಕ್ಕೆ ಎಚ್‌ಡಿ-20 ಕೇಳಿರುವಾಗ ಎಂಡಿ-10ರ ಪರೀಕ್ಷಾ ವರದಿ ಲಗತ್ತಿಸಿದರೆ ತಿರಸ್ಕಾರ ಖಚಿತ. ವರದಿಯಲ್ಲಿ ದರ್ಜೆ, ಅಳತೆ, ಚೌಕಟ್ಟಿನ ವಿವರ ಟೆಂಡರ್‌ನ ಅನುಸೂಚಿಯೊಂದಿಗೆ ಅಕ್ಷರಶಃ ಹೊಂದಬೇಕು.

ಇಎಂಡಿಯನ್ನು ಕೊನೆಯ ದಿನ ಕಟ್ಟಬೇಡಿ. ನೆಫ್ಟ್ ಮೂಲಕ ಕಳಿಸಿದ ಹಣ ರಾಜ್ಯದ ಇ-ಟೆಂಡರ್ ಪೋರ್ಟಲ್‌ನಲ್ಲಿ ತಾಳೆಯಾಗದಿದ್ದರೆ ಬಿಡ್ (ಟೆಂಡರ್‌ಗೆ ನೀವು ಹಾಕುವ ಅರ್ಜಿ) ಸಲ್ಲಿಕೆಯೇ ಆಗದು. ಎರಡು ಮೂರು ಬ್ಯಾಂಕ್ ಕೆಲಸದ ದಿನ ಕೈಯಲ್ಲಿರಲಿ. ಡಿಜಿಟಲ್ ಸಹಿಯ ಅವಧಿ ಮುಗಿದಿದೆಯೇ ಎಂದು ಅಂದೇ ನೋಡಿಕೊಳ್ಳಿ.

ಪ್ರಶ್ನೆ: ಶಿವಮೊಗ್ಗದ ಕೆಲಸ ಶಿವಮೊಗ್ಗದವರಿಗೇ ಎಂದು ಪಾಲಿಕೆ ಷರತ್ತು ಹಾಕಬಹುದೆ? ದೊಡ್ಡ ಪ್ಯಾಕೇಜ್ ಮಾಡಿ ಹೊರಗಿನವರಿಗೆ ಕೊಡುತ್ತಿದ್ದಾರೆ. (ಎಲೆಕ್ಟ್ರಿಕಲ್ ಗುತ್ತಿಗೆದಾರರು, ಗೋಪಾಳ)

ಉತ್ತರ: ಊರಿನ ಹೆಸರು ಹಿಡಿದು ಉಳಿದವರನ್ನು ಹೊರಗಿಡುವ ಷರತ್ತು ಪ್ರಶ್ನೆಗೆ ಒಳಗಾದರೆ ನಿಲ್ಲುವುದು ಕಷ್ಟ. ಎಲ್ಲ ಅರ್ಹರಿಗೂ ಸಮಾನ ಅವಕಾಶ ಕೊಡುವುದೇ ಪಾರದರ್ಶಕತೆ ಕಾಯ್ದೆಯ ಬುನಾದಿ. ಹಾಗೆಂದು ಸ್ಥಳೀಯರಿಗೆ ದಾರಿಯೇ ಇಲ್ಲ ಎಂದಲ್ಲ. ಆ ದಾರಿ ಇರುವುದು ಕೆಲಸವನ್ನು ಹೇಗೆ ವಿಂಗಡಿಸುತ್ತಾರೆ ಮತ್ತು ಕೆಲಸಕ್ಕೆ ಏನು ಬೇಕೆಂದು ಬರೆಯುತ್ತಾರೆ ಎಂಬುದರಲ್ಲಿ.

ಪಾಲಿಕೆಯ 35 ವಾರ್ಡ್‌ಗಳ ಬೀದಿದೀಪ ನಿರ್ವಹಣೆಯನ್ನು ಒಂದೇ ಟೆಂಡರ್ ಮಾಡಿದರೆ ಅದಕ್ಕೆ ಬೇಕಾದ ವಾರ್ಷಿಕ ವಹಿವಾಟು, ಅನುಭವ ತೋರಿಸಲು ಸಣ್ಣ ಗುತ್ತಿಗೆದಾರರಿಂದ ಆಗುವುದಿಲ್ಲ. ಅದನ್ನೇ ಐದಾರು ಭಾಗ ಮಾಡಿ, ಪ್ರತಿ ಭಾಗಕ್ಕೂ ಬಹಿರಂಗ ಟೆಂಡರ್ ಕರೆದರೆ ಕಾನೂನಿಗೆ ಧಕ್ಕೆಯಿಲ್ಲ. ಟೆಂಡರನ್ನೇ ತಪ್ಪಿಸಲು ತುಂಡು ಮಾಡುವುದು ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುವ ತಪ್ಪು. ಟೆಂಡರ್ ಕರೆದು ವಲಯವಾರು ಹಂಚುವುದು ಅದಕ್ಕಿಂತ ಪೂರ್ತಿ ಬೇರೆ. ಇವೆರಡನ್ನೂ ಒಂದೇ ಎಂದು ಹೇಳಿ ಕೈ ತೊಳೆದುಕೊಳ್ಳುವ ಅಧಿಕಾರಿಗಳಿಗೆ ಈ ವ್ಯತ್ಯಾಸವನ್ನು ಬರವಣಿಗೆಯಲ್ಲೇ ತೋರಿಸಬೇಕು. ದೂರು ಬಂದ ನಾಲ್ಕು ಗಂಟೆಯೊಳಗೆ ಕೆಲಸಗಾರರು ಸ್ಥಳದಲ್ಲಿರಬೇಕು, ನಗರದಲ್ಲೇ ಬಿಡಿಭಾಗಗಳ ದಾಸ್ತಾನು ಇರಬೇಕು ಎಂಬಂಥ ಷರತ್ತುಗಳು ಕೆಲಸಕ್ಕೆ ನಿಜಕ್ಕೂ ಅಗತ್ಯ. ಹೊರಗಿನವರೂ ಅವನ್ನು ಪೂರೈಸಬಹುದು, ಆದರೆ ಅದರ ಖರ್ಚು ಅವರ ದರದಲ್ಲಿ ಸೇರುತ್ತದೆ. ಇಲ್ಲಿಯೇ ಗೋದಾಮು, ಏಣಿ ಗಾಡಿ ಇರುವವರಿಗೆ ಆ ಖರ್ಚಿಲ್ಲ.

ಇದನ್ನೆಲ್ಲ ಕೇಳುವ ಕಾಲ ಬಿಡ್ ಪೂರ್ವ ಸಭೆ, ಅಂದರೆ ಬಿಡ್ ಸಲ್ಲಿಸುವ ಮೊದಲು ಆಸಕ್ತರ ಸಂಶಯಗಳಿಗೆ ಉತ್ತರಿಸಲು ಕರೆಯುವ ಸಭೆ. ಒಬ್ಬರೇ ಹೋಗದೆ ಸಂಘದ ಪತ್ರ ಒಯ್ಯಿರಿ, ಸ್ವೀಕೃತಿ ಪಡೆಯಿರಿ. ಅದಕ್ಕೂ ಮೊದಲು ನಿಮ್ಮ ಬಿಡ್ ಸಾಮರ್ಥ್ಯವನ್ನು ಲೆಕ್ಕ ಹಾಕಿಕೊಳ್ಳಿ. ಕಾಮಗಾರಿಗಳ ಟೆಂಡರ್ ದಾಖಲೆಯಲ್ಲಿ ಸಾಮಾನ್ಯವಾಗಿ ಇರುವ ಸೂತ್ರ ಇದು: ಕಳೆದ ಐದು ವರ್ಷಗಳಲ್ಲಿ ಒಂದು ವರ್ಷ ಮಾಡಿದ ಗರಿಷ್ಠ ಕೆಲಸದ ಮೊತ್ತವನ್ನು ಈ ಕಾಮಗಾರಿಯ ಅವಧಿಯಿಂದ (ವರ್ಷಗಳಲ್ಲಿ) ಗುಣಿಸಿ, ಮತ್ತೆ 1.5ರಿಂದ ಗುಣಿಸಿ, ಕೈಯಲ್ಲಿರುವ ಬಾಕಿ ಕೆಲಸ ಕಳೆಯಬೇಕು. ಗರಿಷ್ಠ ವರ್ಷದ ಕೆಲಸ 40 ಲಕ್ಷ, ಅವಧಿ ಆರು ತಿಂಗಳು, ಬಾಕಿ ಕೆಲಸ 12 ಲಕ್ಷ ಎಂದಾದರೆ 40 × 0.5 × 1.5 = 30, ಅದರಲ್ಲಿ 12 ಹೋದರೆ ಸಾಮರ್ಥ್ಯ 18 ಲಕ್ಷ. ಟೆಂಡರ್ 20 ಲಕ್ಷದ್ದಾದರೆ ದರ ಎಷ್ಟೇ ಕಡಿಮೆ ಹಾಕಿದರೂ ನೀವು ಹೊರಗೆ. ಮುಗಿದ ಕೆಲಸಗಳಿಗೆ ಪೂರ್ಣಗೊಂಡ ಪ್ರಮಾಣಪತ್ರ ಪಡೆಯದೆ ಬಿಟ್ಟವರ ಬಾಕಿ ಕೆಲಸ ಕಾಗದದಲ್ಲಿ ಹಾಗೇ ಉಳಿದು ಈ ಲೆಕ್ಕ ಕೆಡುತ್ತದೆ.

ಸ್ತ್ರೀಶಕ್ತಿ, ಸ್ವಸಹಾಯ ಸಂಘದವರಿಗೆ ಒಂದು ಮಾತು. ಕೇಂದ್ರದ ನಗರ ನೀರು ಪೂರೈಕೆ ಯೋಜನೆಯಾದ ಅಮೃತ್ 2.0ರ ಅಮೃತ್ ಮಿತ್ರ ಕಾರ್ಯಕ್ರಮದಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೆ ನೀರಿನ ಗುಣಮಟ್ಟ ಪರೀಕ್ಷೆ, ಉದ್ಯಾನ ನಿರ್ವಹಣೆಯಂಥ ಕೆಲಸ ವಹಿಸಲು ಅವಕಾಶವಿದೆ. ಪಾಲಿಕೆಯ ಬಡತನ ನಿರ್ಮೂಲನ ವಿಭಾಗದಲ್ಲಿ ವಿಚಾರಿಸಿ.

ಪ್ರಶ್ನೆ: ದುರ್ಗಿಗುಡಿಯಲ್ಲಿ ಮುದ್ರಣಾಲಯ ಇದೆ. ಸ್ಥಳೀಯ ಸಂಸ್ಥೆಯೊಂದಕ್ಕೆ ನೋಂದಣಿ ಪುಸ್ತಕ, ರಸೀದಿ ಪುಸ್ತಕ ಮುದ್ರಿಸಿ ಕೊಟ್ಟು ಏಳು ತಿಂಗಳಾಯಿತು. 2 ಲಕ್ಷ ಬರಬೇಕು. ಕೇಳಿದಾಗಲೆಲ್ಲ ಅನುದಾನ ಬಂದಿಲ್ಲ ಎನ್ನುತ್ತಾರೆ.

ಉತ್ತರ: ಇಲ್ಲಿ ಕೇಂದ್ರದ ಇನ್ನೊಂದು ಕಾನೂನು ನಿಮ್ಮ ಕೈಯಲ್ಲಿದೆ, ಮತ್ತು ಇದು ಪಾಲಿಕೆಗೂ ಅನ್ವಯಿಸುತ್ತದೆ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ 15ನೇ ಕಲಂ ಪ್ರಕಾರ ಕರಾರಿನಲ್ಲಿ ಏನೇ ಬರೆದಿದ್ದರೂ ಸಾಮಗ್ರಿ ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ಕರಾರಿನಲ್ಲಿ ಅವಧಿಯೇ ಇಲ್ಲದಿದ್ದರೆ 15 ದಿನ. ಸಾಮಗ್ರಿ ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ತಲುಪಿದ ದಿನವೇ ಒಪ್ಪಿದ ದಿನ. ತಡವಾದರೆ 16ನೇ ಕಲಂ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಎಂದಿಟ್ಟುಕೊಂಡರೆ ವರ್ಷಕ್ಕೆ ಶೇ 18, ತಿಂಗಳಿಗೆ ಶೇ 1.5. 2 ಲಕ್ಷಕ್ಕೆ ಆರು ತಿಂಗಳಿಗೆ ಸುಮಾರು 18,690 ರೂಪಾಯಿ ಬಡ್ಡಿ. ಅನುದಾನ ಬಂದಿಲ್ಲ ಎಂಬುದು ಈ ಕಾಯ್ದೆಯಲ್ಲಿ ಕಾರಣವಾಗುವುದಿಲ್ಲ.

ಮೊದಲು ಬಿಲ್, ಪೂರೈಕೆ ಆದೇಶ, ಸಹಿ ಮೊಹರಿನ ಡೆಲಿವರಿ ಚಲನ್ ಸೇರಿಸಿ, ಬಡ್ಡಿಯ ಲೆಕ್ಕದೊಡನೆ ಆಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆಯಿರಿ. ಹೆಚ್ಚಿನ ಬಿಲ್‌ಗಳು ಇಲ್ಲಿಯೇ ಚಲಿಸುತ್ತವೆ. ಆಗದಿದ್ದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಮೂಲಕ 18ನೇ ಕಲಂ ಅಡಿ ಸೌಲಭ್ಯ ಮಂಡಳಿಗೆ (ಇಂಥ ಬಾಕಿ ವ್ಯಾಜ್ಯ ಬಗೆಹರಿಸುವ ಮಂಡಳಿಗೆ) ದೂರು ಕೊಡಿ. ದಾಖಲೆ ಹೊಂದಿಸಲು ಜಿಲ್ಲಾ ಕೈಗಾರಿಕಾ ಕೇಂದ್ರದವರ ನೆರವು ಕೇಳಬಹುದು. ಮಂಡಳಿ ಮೊದಲು ರಾಜಿ ಮಾಡಿಸಲು ನೋಡುತ್ತದೆ, ಆಗದಿದ್ದರೆ ಮಧ್ಯಸ್ಥಿಕೆಗೆ ಹೋಗುತ್ತದೆ. ತೀರ್ಪನ್ನು ಪ್ರಶ್ನಿಸಬೇಕಾದರೆ ಖರೀದಿದಾರರು ಶೇ 75ರಷ್ಟು ಹಣ ಮೊದಲು ಠೇವಣಿ ಇಡಬೇಕು.

ಜಾಗರೂಕತೆ ಬೇಕಾದ ಮೂರು ಕಡೆಗಳಿವೆ. ಉದ್ಯಮ್ ನೋಂದಣಿ ಪೂರೈಕೆ ಆದೇಶಕ್ಕಿಂತ ಮೊದಲೇ ಇರಬೇಕು. ಬಾಕಿ ಬಿದ್ದ ಮೇಲೆ ನೋಂದಾಯಿಸಿ ಹಳೆಯ ಬಿಲ್‌ಗೆ ರಕ್ಷಣೆ ಕೇಳಿದರೆ ಸಿಗುವುದು ಕಷ್ಟ. ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ನೋಂದಣಿ ತೆರೆದದ್ದು ಬ್ಯಾಂಕಿನ ಆದ್ಯತಾ ಸಾಲಕ್ಕಾಗಿ ಮಾತ್ರ, ಬಾಕಿ ವಸೂಲಿಗೆ ಅಲ್ಲ. ನೀವು ಮುದ್ರಿಸುವವರಾದ್ದರಿಂದ ಆ ತೊಡಕಿಲ್ಲ. ಆದರೆ ಉದ್ಯಮ್ ಪತ್ರದಲ್ಲಿ ಚಟುವಟಿಕೆ ‘ವ್ಯಾಪಾರ’ ಎಂದಷ್ಟೇ ನಮೂದಾಗಿದೆಯೇ ನೋಡಿ, ತಕ್ಷಣ ತಿದ್ದಿಸಿ. ಮೂರನೆಯದು ರಸ್ತೆ, ಚರಂಡಿಯಂಥ ಕಾಮಗಾರಿ ಗುತ್ತಿಗೆ. ಅದು ಈ ಕಾಯ್ದೆಯ ವ್ಯಾಪ್ತಿಗೆ ಬರದು ಎಂದು ಹೈಕೋರ್ಟ್‌ಗಳ ತೀರ್ಪುಗಳಿವೆ. ಗುತ್ತಿಗೆದಾರರು ಈ ಕಾಯ್ದೆಯನ್ನೇ ನಂಬಿ ಕೂರಬಾರದು.

ಪ್ರಶ್ನೆ: ತೀರ್ಥಹಳ್ಳಿ ಕಡೆ ಚರಂಡಿ, ಕಾಂಕ್ರೀಟ್ ರಸ್ತೆ ಮಾಡುತ್ತೇನೆ. 5 ಲಕ್ಷದ ಬಿಲ್‌ನಲ್ಲಿ ಏನೇನು ಕಡಿತವಾಗುತ್ತದೆ? ಮಳೆಯಿಂದ ತಡವಾದರೆ ದಂಡ ತಪ್ಪಿಸುವುದು ಹೇಗೆ?

ಉತ್ತರ: ಕೆಲಸದ ಮೊತ್ತ 5,00,000, ಮೇಲೆ ಶೇ 18 ಜಿಎಸ್‌ಟಿ 90,000. ಜಿಎಸ್‌ಟಿಯನ್ನು ಬಿಲ್‌ನಲ್ಲಿ ಬೇರೆಯಾಗಿ ತೋರಿಸಿದ್ದರೆ ಕಡಿತವೆಲ್ಲ 5 ಲಕ್ಷದ ಮೇಲೆ: ಆದಾಯ ತೆರಿಗೆ ವೈಯಕ್ತಿಕ ಗುತ್ತಿಗೆದಾರರಿಗೆ ಶೇ 1, ಅಂದರೆ 5,000 (ಪಾಲುದಾರಿಕೆ ಸಂಸ್ಥೆಗೆ ಶೇ 2), ಕರಾರು 2.5 ಲಕ್ಷ ಮೀರಿದ್ದರಿಂದ ಜಿಎಸ್‌ಟಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಶೇ 2, ಅಂದರೆ 10,000. ಕಟ್ಟಡ ಕಾರ್ಮಿಕರ ಸೆಸ್ ಶೇ 1, ಅಂದರೆ 5,000. ಇದರ ಮೇಲೆ ಕರಾರಿನಲ್ಲಿರುವಷ್ಟು ಭದ್ರತಾ ಠೇವಣಿ ಹಿಡಿಯುತ್ತಾರೆ, ದೋಷ ಹೊಣೆಗಾರಿಕೆ ಅವಧಿ (ಮುಗಿದ ಕೆಲಸದ ದೋಷವನ್ನು ನೀವೇ ಸರಿಪಡಿಸಬೇಕಾದ ಅವಧಿ) ಮುಗಿದ ಮೇಲೆ ಅದು ವಾಪಸ್. ಜಲ್ಲಿ, ಮರಳಿನ ಪರವಾನಗಿ ಪತ್ರ ಕೊಡದಿದ್ದರೆ ರಾಜಧನವನ್ನೂ (ಗಣಿ ಸಾಮಗ್ರಿಗೆ ಸರ್ಕಾರಕ್ಕೆ ಸಲ್ಲುವ ಹಣ) ಬಿಲ್‌ನಲ್ಲೇ ಮುರಿದುಕೊಳ್ಳುತ್ತಾರೆ. ಕ್ವಾರಿಯಿಂದ ಬಂದ ಪ್ರತಿ ಲೋಡಿನ ಪತ್ರ ಕೂಡಿಡಿ. ಜಿಎಸ್‌ಟಿ ಟಿಡಿಎಸ್ ಹೋದ ಹಣವಲ್ಲ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಪ್ಪಿಕೊಂಡರೆ ನಿಮ್ಮ ನಗದು ಖಾತೆಗೆ ಬರುತ್ತದೆ. ಎಷ್ಟೋ ಜನ ಒಪ್ಪಿಕೊಳ್ಳುವುದನ್ನೇ ಮರೆತು ಕಳೆದುಕೊಂಡೆವೆಂದು ಕೊರಗುತ್ತಾರೆ. ದರ ಬರೆಯುವ ಮುನ್ನ ಅದು ಜಿಎಸ್‌ಟಿ ಸೇರಿದ್ದೋ ಹೊರತಾದದ್ದೋ ಎಂದು ಟೆಂಡರ್‌ನಲ್ಲಿ ಓದಿ. ಅಲ್ಲಿ ಎಡವಿದರೆ ಲಾಭವೆಲ್ಲ ತೆರಿಗೆಗೇ ಹೋಗುತ್ತದೆ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬರುವುದು ತೀರ್ಥಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಆದ್ದರಿಂದ ‘ಮಳೆಗಾಲವಿತ್ತು’ ಎಂಬ ಒಂದೇ ಸಾಲಿಗೆ ಅವಧಿ ವಿಸ್ತರಣೆ ಸಿಗುವುದು ಕಷ್ಟ. ಮೇ ಕೊನೆಯಲ್ಲಿ ಕಾರ್ಯಾದೇಶ ಕೊಟ್ಟು ಮೂರು ತಿಂಗಳ ಗಡುವು ಹಾಕಿದರೆ, ಕರಾರಿಗೆ ಸಹಿ ಹಾಕುವಾಗಲೇ ಕಾರ್ಯಕ್ರಮ ಪಟ್ಟಿಯಲ್ಲಿ ಕೆಲಸ ನಿಲ್ಲುವ ವಾರಗಳನ್ನು ಬರೆದುಕೊಡಿ. ಮಳೆ ಅಸಾಧಾರಣವಾಗಿದ್ದರೆ ಅದಕ್ಕೆ ಪುರಾವೆ ಬೇಕು: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ದಿನವಾರು ಅಂಕಿಅಂಶ, ಅಂದಂದಿನ ಕೆಲಸದ ದಿನಚರಿ, ದಿನಾಂಕ ಮತ್ತು ಸ್ಥಳ ಬಿದ್ದ ಫೋಟೋ. ಅರ್ಜಿ ಗಡುವು ಮುಗಿಯುವ ಮೊದಲೇ ಹೋಗಬೇಕು. ಗಡುವು ಕಳೆದ ಮೇಲೆ ಬಂದ ಅರ್ಜಿಗೆ ಸಹಿ ಹಾಕಲು ಇಂಜಿನಿಯರ್ ಹಿಂಜರಿಯುತ್ತಾರೆ, ಏಕೆಂದರೆ ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಉತ್ತರಿಸಬೇಕಾದವರು ಅವರು.

ಮಣ್ಣಿನಡಿ ಹೂತುಹೋಗುವ ಕೆಲಸ, ಅಂದರೆ ಅಗೆತ, ಬೆಡ್ ಕಾಂಕ್ರೀಟ್, ಕಬ್ಬಿಣ, ಮುಚ್ಚುವ ಮೊದಲೇ ಅಳತೆ ಪುಸ್ತಕದಲ್ಲಿ ದಾಖಲಾಗಲಿ. ಮೊದಲ ಮಳೆಗೆ ಚರಂಡಿ ತುಂಬಿಕೊಂಡರೆ ಆಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ಪರಿಶಿಷ್ಟ ಜಾತಿಯ ಗುತ್ತಿಗೆದಾರ ನಾನು. ಮೀಸಲು ಕಾಮಗಾರಿಯಲ್ಲಿ ತಾಂತ್ರಿಕವಾಗಿ ಅನರ್ಹ ಎಂದರು. ಮುಂದೇನು? (ಭದ್ರಾವತಿ)

ಉತ್ತರ: ನಿಗದಿತ ಮೊತ್ತದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲು. ಮೊದಲು 50 ಲಕ್ಷ ಇದ್ದ ಮಿತಿಯನ್ನು 2023ರಲ್ಲಿ 1 ಕೋಟಿಗೆ ಏರಿಸಿದರು. ಮೀಸಲು ಇದ್ದರೂ ಇಎಂಡಿ, ಅನುಭವ, ದಾಖಲೆಗಳ ಷರತ್ತು ಟೆಂಡರ್‌ನಲ್ಲಿರುವಂತೆಯೇ ಅನ್ವಯಿಸುತ್ತದೆ. ಆರ್‌.ಡಿ. ಸಂಖ್ಯೆ (ಕಂದಾಯ ಇಲಾಖೆಯ ಕ್ರಮಸಂಖ್ಯೆ) ಇರುವ ಜಾತಿ ಪ್ರಮಾಣಪತ್ರದಲ್ಲಿನ ಹೆಸರು ಗುತ್ತಿಗೆದಾರರ ಪರವಾನಗಿ, ಪ್ಯಾನ್‌ನಲ್ಲಿರುವ ಹೆಸರಿಗೆ ಹೊಂದದಿದ್ದರೂ ತಕರಾರು ಬರುತ್ತದೆ.

ಪೋರ್ಟಲ್‌ನಲ್ಲಿ ತಾಂತ್ರಿಕ ಮೌಲ್ಯಮಾಪನದ ಫಲಿತಾಂಶ ಇಳಿಸಿಕೊಂಡು, ಯಾವ ದಾಖಲೆಗೆ ಯಾವ ಕಾರಣ ಬರೆದಿದ್ದಾರೆ ನೋಡಿ. ಕಾರಣ ಸ್ಪಷ್ಟವಿಲ್ಲದಿದ್ದರೆ ಅಂದೇ ಲಿಖಿತವಾಗಿ ಕೇಳಿ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ, ಆದರೆ ಅದಕ್ಕೆ 30 ದಿನ ಹಿಡಿಯಬಹುದು. ಪಾರದರ್ಶಕತೆ ಕಾಯ್ದೆಯ 16ನೇ ಕಲಂ ಅಡಿ ಮೇಲ್ಮನವಿ ಸಲ್ಲಿಸಲು ಇರುವ ಕಾಲವೂ ಆದೇಶ ಕೈಸೇರಿದಂದಿನಿಂದ 30 ದಿನವೇ. ಮಾಹಿತಿಗೆ ಕಾಯುತ್ತ ಮೇಲ್ಮನವಿಯ ಗಡುವು ಕಳೆಯಬೇಡಿ. ಸಿಕ್ಕಷ್ಟು ದಾಖಲೆಯೊಂದಿಗೆ ಮೇಲ್ಮನವಿ ಹಾಕಿ, ಉಳಿದದ್ದನ್ನು ವಿಚಾರಣೆ ವೇಳೆಗೆ ಸೇರಿಸಿ.